ನಾಲ್ಕು ಗ್ರಾಫ್ ಹಾಳೆಗಳ ಋಣ

ಮೊನ್ನೆ ಪ್ರಾಜೆಕ್ಟ್ ವೈವಾ ಮುಗಿಯಿತು. ಅಲ್ಲಿಗೆ ನನ್ನ ಡಿಗ್ರಿಯೂ ಮುಗಿದ ಹಾಗೆ. ರಿಸಲ್ಟ್ ಇನ್ನೂ ಬಂದಿಲ್ಲ. ಬರುವ ಮೊದಲೇ ಇದನ್ನು ಬರೆದುಬಿಡಬೇಕು ಅನಿಸಿತು. ನನ್ನ ಓದಿಗೆ ನೆರವಾದವರಿಗೆಲ್ಲ ನಾನು ಥ್ಯಾಂಕ್ಸ್ ಹೇಳುತ್ತಿರುವುದು ಬರಲಿರುವ ಅಂಕಗಳಿಗಾಗಿ ಅಲ್ಲ.

ಕಾಲೇಜಿಗೆ ಸೇರಿದಾಗ ನನ್ನ ಗುರಿ ಒಂದೇ: ಎಲ್ಲ ಸೆಮಿಸ್ಟರ್‌ನಲ್ಲೂ ಡಿಸ್ಟಿಂಕ್ಷನ್. ಡೈರಿಯ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಟ್ಟಿದ್ದೆ. ಎರಡನೇ ಸೆಮಿಸ್ಟರ್‌ನಲ್ಲಿ ಸಂಖ್ಯಾಶಾಸ್ತ್ರದ ಪೇಪರ್ ಹೋಯಿತು. ಓದಿರಲಿಲ್ಲ ಅಂತಲ್ಲ. ನೋಟ್ಸನ್ನು ಮೂರು ಸಲ ಓದಿದ್ದೆ. ಮುಖ್ಯ ಅನಿಸಿದ ಸಾಲಿಗೆಲ್ಲ ಹಳದಿ ಬಣ್ಣ ಬಳಿದಿದ್ದೆ. ಪರೀಕ್ಷೆಯಲ್ಲಿ ಸೂತ್ರಗಳೇನೋ ನೆನಪಿದ್ದವು. ಯಾವ ಲೆಕ್ಕಕ್ಕೆ ಯಾವುದು ಅಂತ ಮಾತ್ರ ಹೊಳೆಯಲಿಲ್ಲ.

ಅವತ್ತು ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಏನು ಅರ್ಥ ಆಗ್ಲಿಲ್ಲ, ನಂಗೆ ಹೇಳು" ಅಂದಳು. ಅವಳು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಸರಾಸರಿಯಿಂದ ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹತ್ತು ಜನರಲ್ಲಿ ಒಬ್ಬನ ಹತ್ರ ಮಾತ್ರ ಸಿಕ್ಕಾಪಟ್ಟೆ ದುಡ್ಡಿದ್ರೆ, ನಿನ್ನ ಸರಾಸರಿ ಉಳಿದ ಒಂಬತ್ತು ಜನರ ಬಗ್ಗೆ ಸುಳ್ಳು ಹೇಳುತ್ತೆ, ಅಲ್ವಾ?" ಅಂತ ಕೇಳಿದಳು. ಮಧ್ಯಾಂಕ, ಅಂದರೆ ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, ಯಾಕೆ ಬೇಕು ಅನ್ನುವುದು ನನಗೆ ನಿಜವಾಗಿ ಅರ್ಥವಾಗಿದ್ದು ಆ ಕ್ಷಣದಲ್ಲಿ. ಥ್ಯಾಂಕ್ಸ್ ಅಮ್ಮಾ. ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ನಾನು ಪುಸ್ತಕವನ್ನು ಮತ್ತೆ ತೆಗೆಯುತ್ತಿರಲಿಲ್ಲ.

ಮರುಪರೀಕ್ಷೆಗೆ ಮೊದಲು ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಹತ್ತಿರ ಹೋದೆ. ಮುಖ್ಯವಾದ ಪ್ರಶ್ನೆಗಳನ್ನು ಗುರುತು ಹಾಕಿಕೊಡಿ ಅಂತ ಕೇಳಿದೆ. ಅವರು ಗುರುತು ಹಾಕಲಿಲ್ಲ. ನಾಲ್ಕು ಪಟ್ಟಿ ಬರೆದುಕೊಟ್ಟರು. ಒಂದೊಂದರಲ್ಲೂ 11 ಜೋಡಿ ಅಂಕಿಗಳು. ಸರಾಸರಿ, ಸಹಸಂಬಂಧ (ಜೋಡಿಯ ಎರಡು ಅಂಕಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ) ಎಲ್ಲ ಕೈಯಲ್ಲೇ ಲೆಕ್ಕ ಹಾಕು ಅಂದರು. ಹಾಕಿದೆ. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನ ಸರಾಸರಿ 7.5, ಸಹಸಂಬಂಧ ಸುಮಾರು 0.82. ಎಲ್ಲೋ ತಪ್ಪು ಮಾಡಿದ್ದೀನಿ ಅಂದುಕೊಂಡು ಮತ್ತೆ ಹಾಕಿದೆ. ಅದೇ ಬಂತು. "ಈಗ ಗ್ರಾಫ್ ಬಿಡಿಸು" ಅಂದರು.

ಮೊದಲನೆಯದರಲ್ಲಿ ಚುಕ್ಕೆಗಳು ಒಂದು ಗೆರೆಯ ಆಚೀಚೆ ಹರಡಿಕೊಂಡವು. ಎರಡನೆಯದು ಕಮಾನಿನ ಹಾಗೆ ಬಾಗಿತು. ಮೂರನೆಯದು ನೇರ ಗೆರೆ, ಒಂದು ಚುಕ್ಕೆ ಮಾತ್ರ ಮೇಲೆ ಹಾರಿ ಕೂತಿತ್ತು. ನಾಲ್ಕನೆಯದರಲ್ಲಿ ಹತ್ತು ಚುಕ್ಕೆಗಳು 8ರ ಮೇಲೆ ಕಂಬದ ಹಾಗೆ ನಿಂತವು, ಹನ್ನೊಂದನೆಯದು ದೂರದ 19ರಲ್ಲಿ ಒಂಟಿ. ಫ್ರಾನ್ಸಿಸ್ ಆನ್ಸ್‌ಕೂಮ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಮಾಡಿಟ್ಟ ಪಟ್ಟಿಗಳೇ ಇವಂತೆ. ಲೆಕ್ಕ ಹಾಕುವ ಮೊದಲು ಅಂಕಿಗಳ ಮುಖ ನೋಡು ಅಂತ ಮೇಡಂ ಬಾಯಿಬಿಟ್ಟು ಹೇಳಲೇ ಇಲ್ಲ. ನಾಲ್ಕು ಹಾಳೆಗಳು ಹೇಳಿದವು.

ಇನ್ನು ನನ್ನ ರೂಮ್‌ಮೇಟ್. ದಿನಾ ರಾತ್ರಿ ನನ್ನ ಪುಸ್ತಕ ಕಸಿದುಕೊಂಡು, ಖಾಲಿ ಹಾಳೆ ಕೊಟ್ಟು, "ಇವತ್ತು ಓದಿದ್ದನ್ನ ಬರಿ" ಅನ್ನುತ್ತಿದ್ದಳು. ಮೊದಮೊದಲು ಸಿಟ್ಟು ಬರುತ್ತಿತ್ತು. ಅರ್ಧ ಹಾಳೆಯೂ ತುಂಬುತ್ತಿರಲಿಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಆಮೇಲೆ ಓದಿದೆ. ಐದು ನಿಮಿಷ ಬಿಟ್ಟು ಕೇಳಿದಾಗ, ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಅದು ತಲೆಕೆಳಗಾಯಿತು. ನೆನಪಿನಿಂದ ಬರೆದು ನೋಡಿದವರಿಗೆ 56 ಪರ್ಸೆಂಟ್ ನೆನಪಿತ್ತು, ಮತ್ತೆ ಓದಿದವರಿಗೆ 42. ನನ್ನ ಹಳದಿ ಗೆರೆಗಳು ಎಲ್ಲಿ ಕೈಕೊಟ್ಟವು ಅಂತ ಆಗ ತಿಳಿಯಿತು. ಅವಳು ಈ ಪ್ರಯೋಗದ ಬಗ್ಗೆ ಏನೂ ಓದಿದವಳಲ್ಲ. ಸುಮ್ನೆ ನನ್ನ ಮೇಲಿನ ಕಾಳಜಿಗೆ ಎರಡು ತಿಂಗಳು ನಿದ್ದೆಗೆಟ್ಟಳು. ಪೇಪರ್ ಪಾಸಾಯಿತು. ನನಗಿಂತ ಜೋರಾಗಿ ಕೂಗಿದ್ದು ಅವಳೇ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ಮೂವರು 120 ವಿದ್ಯಾರ್ಥಿಗಳಿಂದ ಫಾರಂ ತುಂಬಿಸಿದ್ದೆವು. ವಾರಕ್ಕೆ ಎಷ್ಟು ಗಂಟೆ ಓದುತ್ತೀರಿ ಅನ್ನುವುದು ಒಂದು ಪ್ರಶ್ನೆ. ಸರಾಸರಿ 24 ಗಂಟೆ ಬಂತು. ಸರಿಯಾಗೇ ಇದೆ ಅನಿಸಿತು. ಅಭ್ಯಾಸಬಲದಿಂದ ಗ್ರಾಫ್ ಹಾಕಿದೆ. ಮೇಲ್ಗಡೆ ಆರು ಚುಕ್ಕೆಗಳು, ಎಲ್ಲವೂ 99ರಲ್ಲಿ. ಉತ್ತರ ಬರೆಯದವರಿಗೆ 99 ಅಂತ ನಾವೇ ಹಾಕಿ, ಲೆಕ್ಕಕ್ಕೆ ಕೂರುವ ಹೊತ್ತಿಗೆ ಮರೆತಿದ್ದೆವು. ಅವನ್ನು ತೆಗೆದರೆ ಸರಾಸರಿ 20. ರಿಪೋರ್ಟ್ ಕೊಡಲು ಎರಡೇ ದಿನ ಉಳಿದಿತ್ತು. ಎಲ್ಲ ಟೇಬಲ್‌ಗಳನ್ನೂ ಹೊಸದಾಗಿ ಮಾಡಬೇಕಿತ್ತು. ನನ್ನ ಇಬ್ಬರು ಜೊತೆಗಾರರು ಯಾರದು ತಪ್ಪು ಅಂತ ಒಂದು ಮಾತೂ ಎತ್ತದೆ ಪಕ್ಕದಲ್ಲಿ ಕೂತರು. ಆ ರಾತ್ರಿ ಲ್ಯಾಬ್ ಬಾಗಿಲು ತೆರೆದಿಟ್ಟು ಕಾದ ಅಟೆಂಡರ್ ಅಣ್ಣನನ್ನೂ ಮರೆಯುವುದಿಲ್ಲ.

ಡೈರಿಯ ಮೊದಲ ಪುಟ ಹಾಗೇ ಇದೆ, ಹರಿದು ಹಾಕಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಎಂ.ಎಸ್ಸಿ., ಸಂಖ್ಯಾಶಾಸ್ತ್ರ. ಬಿಟ್ಟು ಓಡಬೇಕು ಅನಿಸಿದ್ದ ವಿಷಯವನ್ನೇ ಮುಂದೆ ಓದಬೇಕು ಅನಿಸುವ ಹಾಗೆ ಮಾಡಿದವರು ನೀವೆಲ್ಲ.

ಮೇಡಂ, ನಿಮಗೆ ಇನ್ನೊಂದು ವಿಷಯ. ಹೋದ ವಾರ ಒಬ್ಬ ಜೂನಿಯರ್ ಬಂದು ಮುಖ್ಯವಾದ ಪ್ರಶ್ನೆಗಳನ್ನು ಕೇಳಿದ. ಅವನ ಪೇಪರೂ ಹೋಗಿದೆ. ನಿಮ್ಮ ನಾಲ್ಕು ಪಟ್ಟಿಗಳನ್ನು ಕೊಟ್ಟು ಕಳಿಸಿದೆ. ಎಲ್ಲದಕ್ಕೂ ಒಂದೇ ಉತ್ತರ ಬರ್ತಿದೆ ಅಂತ ನಿನ್ನೆ ಫೋನ್ ಮಾಡಿದ್ದ. ಇವತ್ತು ಸಂಜೆ ಗ್ರಾಫ್ ಹಾಳೆ ತಗೊಂಡು ಬಾ ಅಂದಿದ್ದೇನೆ.