ಒಣಗಿದ ಗೂಡಿನ ಮೇಲೆ ಸಾಲ ಕೊಡಿ: ರೇಷ್ಮೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಚೀನಾ ರೇಷ್ಮೆಯ ಪೈಪೋಟಿ ಎಂದ ಕೂಡಲೇ ಎಲ್ಲರೂ ಸುಂಕದ ಮಾತೆತ್ತುತ್ತಾರೆ. 2021ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 10ರಿಂದ 15ಕ್ಕೆ ಏರಿತು. ಅದು ದೆಹಲಿಯ ಕೆಲಸ. ರೇಷ್ಮೆ ಗೂಡು ಒಣಗಿಸುವ ವ್ಯವಸ್ಥೆ ಮಾತ್ರ ನಿಮ್ಮ ಕೈಯಲ್ಲೇ ಇದೆ.

ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವುದು ಹಸಿ ಗೂಡು. ಒಳಗಿನ ಹುಳು ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡುತ್ತದೆ. ತೂತಾದರೆ ನೂಲು ಬಿಚ್ಚಲು ಬರುವುದಿಲ್ಲ. ದೊಡ್ಡವರ ಬಳಿ ಬಿಸಿಗಾಳಿ ಡ್ರೈಯರ್ ಇದೆ. ಸಣ್ಣ ರೀಲರ್, ಅಂದರೆ ಗೂಡಿನಿಂದ ನೂಲು ಬಿಚ್ಚುವವನು, ಹಬೆ ಕೊಟ್ಟು ಹುಳು ಸಾಯಿಸುತ್ತಾನೆ. ಹಬೆಯ ಗೂಡು ಒದ್ದೆ, ಇಟ್ಟರೆ ಬೂಷ್ಟು. ಹಾಗಾಗಿ ತಕ್ಷಣ ಬಿಚ್ಚಬೇಕು, ನೂಲನ್ನು ಅಂದಿನ ದರಕ್ಕೇ ಮಾರಬೇಕು, ಆ ದುಡ್ಡಲ್ಲೇ ಮುಂದಿನ ಲಾಟು (ಒಟ್ಟಿಗೆ ಕೊಳ್ಳುವ ಗೂಡಿನ ರಾಶಿ) ಹಿಡಿಯಬೇಕು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಮಿಶ್ರತಳಿ ಗೂಡಿನಲ್ಲಿ ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕು. ಗೂಡು ಕಿಲೋಗೆ 50 ರೂಪಾಯಿ ಏರಿತೆಂದರೆ ನೂಲಿನ ಅಸಲು 350 ಏರಿತು. ನೂಲಿನ ದರ ಅಲ್ಲೇ ನಿಂತರೆ ಒಲೆ ಆರುತ್ತದೆ. ಬೇಸಿನ್ನಿನ ಬಿಸಿನೀರಲ್ಲಿ ಎಳೆ ಹುಡುಕುವ ಹೆಣ್ಣುಮಕ್ಕಳಿಗೆ ಅಂದು ಕೂಲಿಯಿಲ್ಲ. ಈ ನಿರುದ್ಯೋಗ ಯಾವ ರಿಜಿಸ್ಟರಿಗೂ ಏರುವುದಿಲ್ಲ.

ಚೀನಾದಲ್ಲಿ ಖರೀದಿ ಕೇಂದ್ರದಲ್ಲೇ ಗೂಡು ಒಣಗಿಸುತ್ತಾರೆ. ಬೆಳೆ ಇಲ್ಲದ ತಿಂಗಳಲ್ಲೂ ಕಾರ್ಖಾನೆ ನಡೆಯುವುದು ಆ ದಾಸ್ತಾನಿನಿಂದ.

ನಮ್ಮ ಬೇಡಿಕೆ ಇಷ್ಟೇ: ಮಾರುಕಟ್ಟೆಯ ಪಕ್ಕದಲ್ಲೇ ಬಾಡಿಗೆಗೆ ಡ್ರೈಯರ್, ಅದಕ್ಕೆ ಹೊಂದಿಕೊಂಡು ಗೋದಾಮು, ಗೋದಾಮಿನ ರಸೀದಿಯ ಮೇಲೆ ಸಾಲ. ಕೆಡುವುದೆಲ್ಲಿ ಎಂಬುದನ್ನೂ ಹೇಳಿಬಿಡುತ್ತೇವೆ. ಶಾಖ ಸುಮಾರು 110 ಡಿಗ್ರಿಯಿಂದ ಶುರುವಾಗಿ 60ರ ಆಸುಪಾಸಿಗೆ ನಿಧಾನವಾಗಿ ಇಳಿಯಬೇಕು; ಐದಾರು ಗಂಟೆ ಬೇಕು. ಸೌದೆ ಉಳಿಸಲು ಅವಸರದಲ್ಲಿ ಕಾಯಿಸಿದರೆ ಗೂಡಿನ ಅಂಟು ಗಟ್ಟಿಯಾಗಿ, ಬಿಚ್ಚುವಾಗ ಎಳೆ ಪದೇ ಪದೇ ಕಡಿಯುತ್ತದೆ. 100 ಕಿಲೋ ಹಸಿ ಗೂಡು ಸುಮಾರು 40 ಕಿಲೋಗೆ ಇಳಿಯಬೇಕು. 45ಕ್ಕೇ ನಿಲ್ಲಿಸಿದರೆ ಒಳಗಿನ ಹುಳು ಹಸಿಯಾಗಿಯೇ ಉಳಿದು ಗೂಡಿಗೆ ಕಲೆ ಕಟ್ಟುತ್ತದೆ. ಆದ್ದರಿಂದ ತೂಕ ಒಣಗಿದ ಮೇಲೇ ಆಗಲಿ. ಅದೂ ಸಾಲದು: ಪ್ರತಿ ಲಾಟಿನಿಂದ ನಾಲ್ಕು ಗೂಡು ಕತ್ತರಿಸಿ ಹುಳುವನ್ನು ಬೆರಳಲ್ಲಿ ಉಜ್ಜಿ ನೋಡಲಿ. ಪುಡಿಯಾದರೆ ರಸೀದಿ, ಮೆತ್ತಗಿದ್ದರೆ ವಾಪಸ್ ಡ್ರೈಯರಿಗೆ. ಗೋದಾಮಿಗೆ ಇಲಿ ಬಾರದಂತೆ ಜಾಲರಿ, ನೆಲದಿಂದ ಎತ್ತರದ ಅಟ್ಟಣೆ ಇರಲಿ.

ಸ್ವಯಂಚಾಲಿತ ಯಂತ್ರಗಳಿಗೆ ಸಹಾಯಧನ ಬೇಡವೆನ್ನುವುದಿಲ್ಲ. ಆದರೆ ಆ ಯಂತ್ರಕ್ಕೆ ಉದ್ದ, ಗಟ್ಟಿ ಎಳೆಯ ದ್ವಿತಳಿ ಗೂಡು ದಿನವೂ ಬೇಕು, ಕೈಯಲ್ಲಿ ದುಡಿಯುವ ಬಂಡವಾಳವೂ ಬೇಕು. ಕೈಯಿಂದ ತಿರುಗಿಸುವ ಚರಕ, ಸಣ್ಣ ಕಾಟೇಜ್ ಬೇಸಿನ್ನಿನವರಿಗೆ ಇವೆರಡೂ ಇಲ್ಲ. ಗೂಡಿನ ಅಡಮಾನದ ಮೇಲೆ ಸಾಲ ಕೊಡುವ ಹೊಣೆಯನ್ನು ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಗೆ ವಹಿಸಿ, ಮೊದಲು ರಾಮನಗರದಲ್ಲೊಂದೇ ಡ್ರೈಯರ್ ಹಾಕಿ ನೋಡಿ. ಮಳೆಗಾಲಕ್ಕೆ ಮುಂಚೆ ಆಗಲಿ. ಮಳೆಯಲ್ಲಿ ಹಬೆಯ ಗೂಡು ಎರಡು ದಿನವೂ ತಡೆಯುವುದಿಲ್ಲ.

ಇಂತಿ,
ರೇಷ್ಮೆ ನೂಲು ಬಿಚ್ಚುವ ಕಸುಬಿನವರು