ಅಪ್ಪ, ಮಗ ಇಬ್ಬರೂ ಉಳಿ ಹಿಡಿದರೆ ಒಬ್ಬರಿಗೇ ಲೆಕ್ಕವೇ?

ಸಂಪಾದಕರಿಗೆ ನಮಸ್ಕಾರ.

ನಾನು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದವನು. ಕಲ್ಲಿನ ವಿಗ್ರಹ ಮಾಡುವುದು ನಮ್ಮ ಮನೆತನದ ಕಸುಬು. ತಾತ ಮಾಡಿದರು, ಅಪ್ಪ ಮಾಡಿದರು, ಹದಿನಾಲ್ಕನೇ ವಯಸ್ಸಿಗೆ ನಾನೂ ಉಳಿ ಹಿಡಿದೆ. ಈಗ ನನಗೆ 57. ಮಗನಿಗೆ 23. ಅವನ ವಿಷಯಕ್ಕೇ ಈ ಪತ್ರ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಶುರು ಮಾಡಿತು. ಅದರ 18 ಕಸುಬುಗಳ ಪಟ್ಟಿಯಲ್ಲಿ ಕಲ್ಲು ಕೆತ್ತುವವರೂ ಇದ್ದೇವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15 ಸಾವಿರ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಜೊತೆಗೆ ಪ್ರಮಾಣಪತ್ರ, ಗುರುತಿನ ಚೀಟಿ. ಒಳ್ಳೆಯ ಯೋಜನೆ. ನಾನು ಹೆಸರು ಬರೆಸಿದೆ, ನನಗೆ ಉಪಯೋಗವೂ ಆಯಿತು. ಆಮೇಲೆ ಮಗನನ್ನು ಕರೆದುಕೊಂಡು ಹೋದೆ. "ಯಜಮಾನ್ರೇ, ನಿಮ್ಮ ಹೆಸರಲ್ಲಿ ಆಗಿದೆ. ಒಂದು ಮನೆಗೆ ಒಬ್ಬರೇ" ಅಂದರು ಅಲ್ಲಿ ಹೆಸರು ಬರೆದುಕೊಳ್ಳುವವರು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಅದರಲ್ಲಿ ಒಬ್ಬರಿಗೆ ಮಾತ್ರ ಅನ್ನುವುದು ನಿಯಮ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಿಯಮವೇ ನಮ್ಮ ಕಸುಬಿಗೆ ಹೊಂದುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಲಾರಿಯಿಂದ ಕೃಷ್ಣಶಿಲೆ ಇಳಿದ ತಕ್ಷಣ ಅಪ್ಪ ಚಿಕ್ಕ ಸುತ್ತಿಗೆ ಹಿಡಿದು ಅದರ ಸುತ್ತ ಬರುತ್ತಿದ್ದರು. ಗೇಣಿಗೊಂದು ಏಟು. ನಾನು ಈಚೆ ಕಡೆ ಕಲ್ಲಿಗೆ ಕಿವಿ ಕೊಟ್ಟು ಕೂರಬೇಕು. ಗಂಟೆ ಹೊಡೆದ ಹಾಗೆ 'ಠಣ್' ಅಂದರೆ ಸರಿ. ಎಲ್ಲಾದರೂ 'ದಬ್' ಅಂದರೆ ಒಳಗೆ ಬಿರುಕು ಇದೆ ಅಂತ ಅರ್ಥ. ಅಲ್ಲಿಗೆ ಸುಣ್ಣದ ಗುರುತು. ಆ ಗುರುತು ಮುಖದ ಮೇಲಾಗಲಿ, ಕೈಯ ಮೇಲಾಗಲಿ ಬೀಳದ ಹಾಗೆ ವಿಗ್ರಹದ ಗೆರೆ ಎಳೆಯಬೇಕು. ಮೊದಲ ವರ್ಷ ಪೂರ್ತಿ ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. "ಇನ್ನೊಂದ್ಸಲ ಕೇಳು" ಅನ್ನುತ್ತಿದ್ದರು, ಅಷ್ಟೇ. ಒಮ್ಮೆ ಅವರಿಗೆ ಮೈ ಹುಷಾರಿರಲಿಲ್ಲ, ಗುರುತು ನಾನೇ ಹಾಕಿದೆ. ಮೂರು ತಿಂಗಳು ಕೂತು ಮಾಡಿದ ಅಮ್ಮನವರ ವಿಗ್ರಹ. ಕೊನೆಗೆ ಉಜ್ಜುವಾಗ ಬಲಗೈಯ ಕಿರುಬೆರಳು ಕಳಚಿ ಬಿತ್ತು. ಭಿನ್ನವಾದ ವಿಗ್ರಹ ಪೂಜೆಗೆ ಬರುವುದಿಲ್ಲ. ಅಷ್ಟೂ ಕೆಲಸ ಹೋಯಿತು. ಆ ಬೆರಳನ್ನು ಇಂದಿಗೂ ಉಳಿಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಮಗನಿಗೆ ಕಲ್ಲಿನ ದನಿ ಕೇಳಲು ಕಲಿಸಿದ ದಿನ ಮೊದಲು ಅದನ್ನೇ ಅವನ ಅಂಗೈಯಲ್ಲಿಟ್ಟೆ.

ಆಮೇಲಿನ ಕಲಿಕೆಯೂ ಹೀಗೇ. ಕುಲುಮೆಯಲ್ಲಿ ಉಳಿ ಹಣಿಸುವುದರಿಂದ ಶುರು. ಪೀಠದ ತಾವರೆ ಎಸಳು, ಪ್ರಭಾವಳಿ, ಒಡವೆ, ಕೈಕಾಲು, ಕೊನೆಗೆ ಮುಖ. ಮುಖದ ಉದ್ದಕ್ಕೆ ಒಂದು ತಾಳ, ತಾಳಕ್ಕೆ 12 ಅಂಗುಲ, ನವತಾಳದ ವಿಗ್ರಹಕ್ಕೆ 108 ಅಂಗುಲ. ಅಪ್ಪ ಇದನ್ನು ತೆಂಗಿನ ಗರಿ ಮಡಚಿ ಮಡಚಿ ತೋರಿಸುತ್ತಿದ್ದರು. ನನ್ನ ಕೈಗೆ ವಿಗ್ರಹದ ಕಣ್ಣಿನ ಕೆಲಸ ಕೊಟ್ಟಿದ್ದು ನಾನು ಉಳಿ ಹಿಡಿದ ಒಂಬತ್ತನೇ ವರ್ಷದಲ್ಲಿ. ಕಲಿಸುವವನು, ಕಲಿಯುವವನು ಇಬ್ಬರೂ ಒಂದೇ ಕಲ್ಲಿನ ಮುಂದೆ ಕೂರದಿದ್ದರೆ ಇದು ಬರುವುದೇ ಇಲ್ಲ.

ಬೇಲೂರಿಗೆ ಹೋದವರು ನೋಡಿರಬಹುದು. ಅಲ್ಲಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರೂ ಇದೆ, ಅವನ ಮಗ ಚಾವಣನ ಹೆಸರೂ ಇದೆ. ಅಪ್ಪ ಮಗ ಇಬ್ಬರದ್ದೂ. 2023ರಲ್ಲಿ ಆ ದೇವಸ್ಥಾನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮಗೆಲ್ಲ ಎಷ್ಟು ಹೆಮ್ಮೆಯಾಯಿತು!

ನನ್ನ ಮಗ ಈಗ ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದಾನೆ. ಶಿಫ್ಟ್ ಕೆಲಸ. ಭಾನುವಾರ ಮಾತ್ರ ನನ್ನ ಪಕ್ಕ ಕೂರುತ್ತಾನೆ. ಅವನ ಮೇಲೆ ನನಗೆ ಬೇಜಾರಿಲ್ಲ. ಕಲಿಯುವ ವರ್ಷಗಳಲ್ಲಿ ಕೈಗೆ ಏನೂ ಬರುವುದಿಲ್ಲ, ಮನೆ ನಡೆಯಬೇಕಲ್ವಾ? ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಅವರು ಎಂಬಿಎ ಓದಿ, ಕಂಪನಿ ಕೆಲಸ ಬಿಟ್ಟು ಮನೆತನದ ಕಸುಬಿಗೆ ಬಂದವರು. "ಅವರು ವಾಪಸ್ ಬಂದರಲ್ಲಪ್ಪ, ನಾನೂ ಬರ್ತೀನಿ" ಅನ್ನುತ್ತಾನೆ ಮಗ. ಬರಲಿ ಅಂತ ನನ್ನ ಆಸೆ. ಆದರೆ ನನ್ನ ಕಿವಿ ಈಗಾಗಲೇ ಮಂದವಾಗುತ್ತಿದೆ. ಗ್ರೈಂಡರ್ ಸದ್ದಿನಲ್ಲಿ ಇಪ್ಪತ್ತು ವರ್ಷ ಕೂತಿದ್ದೇನೆ. 'ಠಣ್', 'ದಬ್' ನನಗೆ ಕೇಳಿಸುವಷ್ಟು ದಿನದಲ್ಲೇ ಅವನಿಗೆ ಕಲಿಸಬೇಕು.

ನಾನು ಕೇಳುವುದು ಇಷ್ಟು. ಕಲ್ಲು ಕೆತ್ತುವಂಥ ಮನೆತನದ ಕಸುಬುಗಳಲ್ಲಿ, ಮನೆಯಲ್ಲಿ ನಿಜವಾಗಿ ಕಲಿಯುತ್ತಿರುವ ಒಬ್ಬರನ್ನಾದರೂ ಕಲಿಸುವವರ ಜೊತೆ ಸೇರಿಸಿಕೊಳ್ಳಿ. ಮಗನೇ ಆಗಬೇಕು ಅಂತಿಲ್ಲ, ಮಗಳಾದರೂ ಸರಿ. ನಮ್ಮೂರಲ್ಲಿ ಉಜ್ಜುವ ಕೆಲಸ ಹೆಂಗಸರೇ ಎಷ್ಟೋ ಮಾಡುತ್ತಾರೆ, ಅವರ ಹೆಸರು ಎಲ್ಲಿಯೂ ಇಲ್ಲ. ಇನ್ನು ರಾಜ್ಯದ ಶಿಲ್ಪಕಲಾ ಅಕಾಡೆಮಿಯವರು ಮನೆಯಲ್ಲಿ ಕಲಿತ ವರ್ಷಗಳಿಗೂ ಪರೀಕ್ಷೆ ಮಾಡಿ ಒಂದು ಪ್ರಮಾಣಪತ್ರ ಕೊಡಲಿ. ಸಂಸ್ಥೆಯಲ್ಲಿ ಕಲಿತವನ ಹತ್ತಿರ ಕಾಗದ ಇರುತ್ತದೆ. ಅಪ್ಪನ ಹತ್ತಿರ ಹತ್ತು ವರ್ಷ ಕಲಿತವನು ಬ್ಯಾಂಕಿಗೆ ಹೋದರೆ ತೋರಿಸಲು ಏನೂ ಇರುವುದಿಲ್ಲ.

ಕುಂಬಾರರು, ಕಮ್ಮಾರರು, ಬುಟ್ಟಿ ಹೆಣೆಯುವವರ ಮನೆಗಳಲ್ಲೂ ಹೀಗೇ ಆಗಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ನಾಲ್ಕು ಊರಿನಿಂದ ಪತ್ರ ಬಂದರೆ ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಎತ್ತುವುದಕ್ಕೆ ಅನುಕೂಲವಾಗುತ್ತದೆ.

— ಒಬ್ಬ ಶಿಲ್ಪಿ, ಶಿವಾರಪಟ್ಟಣ, ಮಾಲೂರು ತಾಲ್ಲೂಕು