ದಂಟಿನ ಸೊಪ್ಪಿನ ಕೆಳಗಿದ್ದ ಸತ್ಯವೇದ

ಪ್ರೀತಿಯ ಪುಟ್ಟಿ,

ಇದನ್ನೆಲ್ಲ ಫೋನಿನಲ್ಲೇ ಹೇಳೋಣ ಅಂದುಕೊಂಡೆ, ಆಗಲಿಲ್ಲ. ಫೋನ್ ಹಿಡಿದರೆ ನನ್ನ ಮಾತು 'ಊಟ ಆಯ್ತಾ, ಡ್ಯೂಟಿ ಎಷ್ಟೊತ್ತಿಗೆ' ಅನ್ನೋದನ್ನು ದಾಟುವುದಿಲ್ಲ, ನಿನಗೇ ಗೊತ್ತು. ಅಂಗಡಿಯಲ್ಲಿ ಈಗ ಕೆಲಸ ಕಮ್ಮಿ. ಶಾಲೆ ಯೂನಿಫಾರ್ಮ್ ಎಲ್ಲ ಮುಗಿದವು. ಹೊರಗೆ ಜಡಿಮಳೆ. ಅಳತೆ ಬರೆಯುವ ಪುಸ್ತಕದಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ.

ಹೋದ ತಿಂಗಳು ನಾನು ಹಾಸನಕ್ಕೆ ಬಂದಿದ್ದ ಭಾನುವಾರ ನೆನಪಿದೆಯಾ? ಇಬ್ಬರೂ ಆರಾಧನೆಗೆ ಹೊರಟಿದ್ದೆವು. ನಿಮ್ಮ ಓನರ್ ಆಂಟಿ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದರು. ತಲೆ ಎತ್ತಿ, "ಏನು, ಅಪ್ಪ ಮಗಳು ಬೆಳಿಗ್ಗೇನೇ ಎಲ್ಲಿಗೋ ಹೊರಟಂಗಿದೆ?" ಅಂದರು. ನೀನು ಒಂದು ಕ್ಷಣವೂ ತಡೆಯದೆ "ಮಾರ್ಕೆಟ್ಟಿಗೆ ಆಂಟಿ" ಅಂದೆ. ನಾನಾದರೂ ಸುಮ್ಮನಿರಬೇಕಿತ್ತು. "ಹೂನಮ್ಮ, ಸ್ವಲ್ಪ ಸೊಪ್ಪು ತರೋಣ ಅಂತ" ಅಂತ ಒಗ್ಗರಣೆ ಬೇರೆ ಹಾಕಿದೆ. ಆ ಸುಳ್ಳನ್ನು ನಿಜ ಮಾಡೋಕೆ ಚರ್ಚಿನಿಂದ ಬರುವಾಗ ಎರಡು ಕಟ್ಟು ದಂಟಿನ ಸೊಪ್ಪು ಕೊಂಡೆವು. ಸತ್ಯವೇದ ಕೆಳಗೆ, ಸೊಪ್ಪು ಮೇಲೆ. ರೂಮಿಗೆ ಬಂದು ಬ್ಯಾಗು ಬಿಚ್ಚಿದರೆ ಸೊಪ್ಪಿನ ನೀರು ಇಳಿದು ಪುಸ್ತಕದ ಅಂಚೆಲ್ಲ ತೊಯ್ದಿತ್ತು. ನೀನು ಫ್ಯಾನಿನ ಕೆಳಗೆ ಒಂದೊಂದೇ ಹಾಳೆ ಬಿಡಿಸಿ ಹಿಡಿದುಕೊಂಡು ಕೂತೆ. ಇಬ್ಬರೂ ಮಾತಾಡಲಿಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪ, ಚರ್ಚಿಗೆ ಹೋಗೋದನ್ನ ಹೀಗೆ ಮುಚ್ಚಿಡ್ತಿರೋದು ತಪ್ಪಾ?" ಅಂತ. "ಆಮೇಲೆ ಮಾತಾಡೋಣ" ಅಂದೆ. ಆ 'ಆಮೇಲೆ' ಇದು.

ನಿನ್ನ ಭಯ ಸುಮ್ನೆ ಬಂದದ್ದಲ್ಲ, ಗೊತ್ತು. ಆಸ್ಪತ್ರೆ ವಾರ್ಡಿನಲ್ಲಿ ಬಿಪಿ ಏರಿದ್ದ ಅಜ್ಜಿಯೊಬ್ಬರ ಕೈ ಹಿಡಿದು ನೀನು "ದೇವರು ನೋಡ್ಕೋತಾನೆ ಅಜ್ಜಿ" ಅಂದದ್ದಕ್ಕೆ, ಜೊತೆಯವಳು "ಏಯ್, ಇಲ್ಲೂ ಶುರು ಮಾಡಿದ್ಯಾ ಕನ್ವರ್ಟ್ ಮಾಡೋಕೆ?" ಅಂತ ನಕ್ಕಳಂತೆ. ತಮಾಷೆಗೇ ಅಂದಿರಬಹುದು. ಆದರೆ ಅದೇ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಲ್ವಾ? ನಿನಗಿಂತ ಮುಂಚೆ ಆ ರೂಮಿನಲ್ಲಿದ್ದ ಹುಡುಗಿಯರು ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದ್ದಕ್ಕೆ ಅಕ್ಕಪಕ್ಕದವರು ಗಲಾಟೆ ಮಾಡಿ ಖಾಲಿ ಮಾಡಿಸಿದರು ಅಂತಲೂ ನೀನೇ ಹೇಳಿದ್ದೆ. ಇಷ್ಟೆಲ್ಲ ಕೇಳಿದ ಮೇಲೆ 'ಹೆದರಬೇಡ ಮಗಳೇ' ಅಂತ ಬರೆದು ಸಹಿ ಹಾಕಿಬಿಡಬಹುದು. ಆದರೆ ಹಾಗೆ ಬರೆಯೋಕೆ ನನಗೆ ಮುಖ ಇಲ್ಲ. ಯಾಕೆ ಅಂತ ಹೇಳುತ್ತೇನೆ.

2008. ನಿನಗೆ ಆಗ ಆರು ವರ್ಷ. ಸೆಪ್ಟೆಂಬರ್ 14, ಭಾನುವಾರ. ಮಂಗಳೂರು, ಉಡುಪಿ ಕಡೆ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೂ ಬಿಡಲಿಲ್ಲ. ಸಂಜೆ ಟಿವಿಯಲ್ಲಿ ಒಡೆದ ಗಾಜು, ಚೆಲ್ಲಾಪಿಲ್ಲಿ ಬಿದ್ದ ಕುರ್ಚಿ ತೋರಿಸಿದ್ದೇ ತೋರಿಸಿದ್ದು. ನಿನ್ನ ಅಮ್ಮ ಟಿವಿ ಆರಿಸಿ, ಹಾಕಿದ್ದ ಚಿಲಕವನ್ನೇ ಮತ್ತೆ ಹೋಗಿ ಮುಟ್ಟಿ ನೋಡಿ ಬಂದಳು.

ಮಾರನೇ ದಿನ ಅಂಗಡಿ ಷಟರ್ ಅರ್ಧ ಎತ್ತಿದೆ. ಹೊಲಿಗೆ ಮಿಷನ್ನಿನ ನೇರಕ್ಕೆ ಗೋಡೆಯ ಮೇಲೆ ಸತ್ಯವೇದದ ವಾಕ್ಯ ಇರುವ ಕ್ಯಾಲೆಂಡರ್ ಇತ್ತು. ಆ ಹಾಳೆಯ ಮೇಲಿದ್ದ ವಾಕ್ಯ ಯಾವುದು ಗೊತ್ತಾ? 27ನೇ ಕೀರ್ತನೆಯದು. 'ನಾನು ಯಾರಿಗೆ ಭಯಪಟ್ಟೇನು?' ಅಂತ. ಅದನ್ನು ಸುರುಳಿ ಸುತ್ತಿ ಲೈನಿಂಗ್ ಬಟ್ಟೆಯ ಹಿಂದೆ ತುರುಕಿದೆ. ನಗು ಬಂದರೆ ನಗು. ಈಗ ನನಗೂ ಬರುತ್ತದೆ. ಅವತ್ತು ಮಾತ್ರ ಸೂಜಿಗೆ ದಾರ ಪೋಣಿಸೋಕೆ ಆಗದಷ್ಟು ಕೈ ನಡುಗುತ್ತಿತ್ತು.

ಸಂಜೆ ಶಾಲೆ ಬಿಟ್ಟು ಬಂದವಳೇ ನೀನು "ಅಪ್ಪ, ಕ್ಯಾಲೆಂಡರ್ ಎಲ್ಲಿ?" ಅಂದೆ. ಮೊಳೆ ಸಡಿಲ ಆಗಿತ್ತು, ಬಿದ್ದುಹೋಯ್ತು ಅಂದೆ. ನೀನು ಸ್ಟೂಲ್ ಹತ್ತಿ, ಆ ಮೊಳೆ ಹಿಡಿದು ಅಲ್ಲಾಡಿಸಿ ನೋಡಿದೆ. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. "ಗಟ್ಟಿಯಾಗೇ ಇದೆಯಲ್ಲಪ್ಪಾ" ಅಂದೆ. ನಿನಗೆ ಇದು ನೆನಪಿರಲಿಕ್ಕಿಲ್ಲ. ನನಗೆ ಆ ಸ್ಟೂಲು, ನಿನ್ನ ಸವೆದ ಶೂ, ಎಲ್ಲ ನೆನಪಿದೆ.

ಹದಿನೈದು ದಿನ ಆ ಮೊಳೆ ಹಾಗೇ ಇತ್ತು. ಖಾಲಿ ಕಾಣದಿರಲಿ ಅಂತ ಅಳತೆ ಟೇಪು ನೇತುಹಾಕಿದೆ. ಒಂದು ಮಧ್ಯಾಹ್ನ ಎದುರಿನ ಟೀ ಅಂಗಡಿಯವರು ಟೀ ತಂದವರು ಗೋಡೆ ನೋಡಿದರು. ಅವರ ಗಲ್ಲಾಪೆಟ್ಟಿಗೆ ಮೇಲೆ ದೊಡ್ಡ ಗಣಪತಿ ಫೋಟೋ, ದಿನಾ ಬೆಳಿಗ್ಗೆ ಊದುಬತ್ತಿ. "ಏನ್ ಮಾಸ್ಟ್ರೇ, ನಿಮ್ಮ ದೇವರ ಕ್ಯಾಲೆಂಡರ್ ತೆಗ್ದುಬಿಟ್ರಾ? ನಾನು ತಾರೀಕು ನೋಡ್ತಿದ್ದದ್ದೇ ಅದ್ರಲ್ಲಿ" ಅಂದರು. ನಾನು ಏನೋ ಗೊಣಗಿದೆ. ಅವರಿಗೆ ಅರ್ಥ ಆಯಿತು. ಗ್ಲಾಸು ಕುಕ್ಕಿ, "ಯಾರಾದ್ರೂ ಬಂದ್ರೆ ನಾವಿಲ್ವೇನ್ರೀ? ಹಾಕಿ ಮೊದ್ಲು" ಅಂತ ಗದರಿ ಹೋದರು. ಯೇಸು ಸ್ವಾಮಿ ಯಾರೋ ಗೊತ್ತಿಲ್ಲ ಅಂದ ಶಿಷ್ಯ ಪೇತ್ರನಿಗೆ ಕೋಳಿ ಕೂಗಿತು. ನನಗೆ ಟೀ ಅಂಗಡಿಯವರು.

ಕ್ಯಾಲೆಂಡರ್ ಮತ್ತೆ ಹಾಕಿದೆ. ಧೈರ್ಯ ಬಂದು ಹಾಕಿದ್ದಲ್ಲ ಪುಟ್ಟಿ, ನಾಚಿಕೆ ತಡೆಯಲಾರದೆ ಹಾಕಿದ್ದು. ಒಂದು ವಾರ ಬೀದಿಯಲ್ಲಿ ಬೈಕ್ ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಕೆಲಸದ ಒತ್ತಡದಲ್ಲಿ ಹೆದರೋದು ಮರೆತೇಹೋಯ್ತು.

ಅವತ್ತಿನಿಂದ ಪೇತ್ರನ ಕಥೆ ನನಗೆ ಬೇರೆ ತರ ಕಾಣುತ್ತದೆ. ಸಂಡೇ ಸ್ಕೂಲಿನಲ್ಲಿ ಕೋಳಿಯ ವಿಷಯವನ್ನೇ ಜಾಸ್ತಿ ಹೇಳುತ್ತಾರೆ. ನೀನು ಯೋಹಾನನ ಸುವಾರ್ತೆ 18ನೇ ಅಧ್ಯಾಯ ಸ್ವಲ್ಪ ನಿಧಾನಕ್ಕೆ ಓದು. ಅದೇ ರಾತ್ರಿ, ತೋಟದಲ್ಲಿ, ಯೇಸು ಸ್ವಾಮಿಯನ್ನು ಹಿಡಿಯೋಕೆ ದೀಪ ಪಂಜು ಆಯುಧ ಹಿಡಿದು ಬಂದ ಗುಂಪಿನ ಎದುರು ಪೇತ್ರ ಕತ್ತಿ ಬೀಸಿದ್ದ. ಮಹಾಯಾಜಕನ ಆಳಿನ ಕಿವಿ ಕತ್ತರಿಸಿದ್ದ. ಅಂಥವನು ಬಿದ್ದದ್ದು ಎಲ್ಲಿ? ಆ ಯಾಜಕನ ಮನೆ ಬಾಗಿಲಲ್ಲಿ. ಬಾಗಿಲು ಕಾಯುವ ಹುಡುಗಿಯೊಬ್ಬಳು, ನೀನೂ ಅವನ ಶಿಷ್ಯರಲ್ಲಿ ಒಬ್ಬನಲ್ಲವಾ ಅಂತ ಕೇಳಿದಳು. ಅವಳ ಕೈಯಲ್ಲಿ ಈಟಿ ಇರಲಿಲ್ಲ. 'ಅಲ್ಲ' ಅಂದುಬಿಟ್ಟ. ಒಂದು 'ಅಲ್ಲ' ಬಾಯಿಂದ ಜಾರಿದ ಮೇಲೆ ಇನ್ನೆರಡಕ್ಕೆ ಕಷ್ಟ ಆಗಲಿಲ್ಲ.

ಬೆಂಕಿಗೆ ಹಾಕಿದರೂ ಬಿಡೆನು ಅಂತ ನಾವು ಕೂಟದಲ್ಲಿ ಗಂಟಲು ಹರಿಯುವಂತೆ ಹೇಳುತ್ತೇವೆ. ಬೆಂಕಿಗೆ ಯಾರೂ ಹಾಕಲ್ಲ. ರಂಗೋಲಿ ಹಾಕುತ್ತಿರುವ ಹೆಂಗಸು ಎಲ್ಲಿಗೆ ಹೊರಟ್ರಿ ಅಂತ ಕೇಳುತ್ತಾರೆ. ಸೊಪ್ಪಿಗೆ ಅನ್ನುತ್ತೇವೆ.

ಇನ್ನೊಂದು ಗಮನಿಸಿದ್ದೀಯಾ? ಪೇತ್ರ ಚಳಿ ಕಾಯಿಸುತ್ತಾ ನಿಂತಿದ್ದದ್ದು ಇದ್ದಲಿನ ಬೆಂಕಿಯ ಮುಂದೆ ಅಂತ ಯೋಹಾನ ಬರೆಯುತ್ತಾನೆ. ಯೇಸು ಸ್ವಾಮಿ ಸತ್ತು ಎದ್ದು ಬಂದ ಮೇಲೆ, 21ನೇ ಅಧ್ಯಾಯದಲ್ಲಿ, ಸಮುದ್ರದ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ. ಮೇಲೆ ಮೀನು, ಜೊತೆಗೆ ರೊಟ್ಟಿ. ನಮ್ಮ ಹಳೇ ಇಸ್ತ್ರಿ ಪೆಟ್ಟಿಗೆಗೆ ಇದ್ದಲು ತುಂಬಿ ಬೀಸಣಿಗೆ ಹಾಕುತ್ತಿದ್ದವಳು ನೀನೇ. ಆ ವಾಸನೆ ಬಟ್ಟೆಗೆ ಹತ್ತಿದರೆ ಎರಡು ದಿನ ಬಿಡುತ್ತಿರಲಿಲ್ಲ. ಅಲ್ಲಿ ದಡದಲ್ಲಿ ಆ ಹೊಗೆ ಮೂಗಿಗೆ ಬಡಿದಾಗ ಪೇತ್ರನ ಹೊಟ್ಟೆ ಹೇಗೆ ಕಲಕಿರಬೇಕು! ಯೇಸು ಸ್ವಾಮಿ ಬೈಯಲಿಲ್ಲ. ಬನ್ನಿ, ಊಟ ಮಾಡಿ ಅಂದನು. ಹೊಟ್ಟೆ ತುಂಬಿದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದನು. ಹೊಲಿಗೆ ಎಲ್ಲೆಲ್ಲಿ ಬಿಚ್ಚಿತ್ತೋ ಅಲ್ಲಲ್ಲೇ ಒಂದೊಂದು ಹೊಲಿಗೆ ಹಾಕಿದಂತೆ. ನಾನು ದರ್ಜಿ, ನನಗೆ ಹೀಗೇ ಅರ್ಥ ಆಗೋದು. ಚರ್ಚಿನ ಅಯ್ಯನೋರನ್ನು ಕೇಳಿದರೆ ಬೇರೆ ಚೆಂದವಾಗಿ ಹೇಳಬಹುದು.

ನಿನ್ನ ಸ್ಟೇಟಸ್ ನೋಡಿದೆ. ಫ್ರೆಂಡ್ಸ್ ಜೊತೆ ಶೆಟ್ಟಿಹಳ್ಳಿಗೆ ಹೋಗಿದ್ದೆಯಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಎದ್ದುಹೋಯಿತು, ಚರ್ಚು ಮಾತ್ರ ನೀರಿನಲ್ಲಿ ಉಳಿಯಿತು. ಫೋಟೋ ಚೆನ್ನಾಗಿತ್ತು. ಒಂದು ಮಾತು ಹೇಳಲಾ, ಬೇಜಾರು ಮಾಡ್ಕೋಬೇಡ. ಚಾವಣಿ ಇಲ್ಲದ, ಬೆಂಚಿಲ್ಲದ ಚರ್ಚನ್ನು ಎಲ್ಲರಿಗೂ ತೋರಿಸುತ್ತೀಯ. ವಾರ ವಾರ ಕೂತು ಹಾಡುವ ಚರ್ಚನ್ನು ಬಚ್ಚಿಡುತ್ತೀಯ. ಅಲ್ಲಿಗೆ ಹೋದವರೆಲ್ಲ ಗೋಡೆಯ ಫೋಟೋ ತೆಗೆಯುತ್ತಾರೆ. ಆ ಬೆಂಚುಗಳ ಮೇಲೆ ಕೂತು ಪೂಜೆ ಕೇಳಿದ ಜನ ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋದರು ಅಂತ ಕೇಳೋರು ಕಮ್ಮಿ.

ಹಾಗಂತ ನಾಳೆಯಿಂದ ಗೇಟಿನಲ್ಲಿ ನಿಂತು ಸಾಕ್ಷಿ ಹೇಳು ಅನ್ನುತ್ತಿಲ್ಲ. ಆಂಟಿ ಕೇಳಿದರೆ, "ಚರ್ಚಿಗೆ ಹೋಗಿ ಬರ್ತೀನಿ ಆಂಟಿ" ಅನ್ನು. ನಾಲ್ಕು ಪದ. ಐದನೆಯದು ಬೇಡ. ಅವರು ಏನನ್ನುತ್ತಾರೋ ಅಂತ ನೀನು ಹೆದರುತ್ತೀಯ. ವರ್ಷಕ್ಕೊಂದು ಸಲ ಬಾಗಿಲು ತೆಗೆಯುವ ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತೆ, ಕಾಲು ಊದಿಕೊಂಡಿತ್ತು ಅಂತ ನನ್ನ ಹತ್ತಿರ ಅವರೇ ಖುಷಿಯಿಂದ ಹೇಳಿದ್ದರು. ಅಂಥವರಿಗೆ ವಾರಕ್ಕೊಂದು ಸಲ ದೇವರ ಹತ್ತಿರ ಹೋಗೋ ಹುಡುಗಿ ಅರ್ಥ ಆಗಲ್ಲ ಅಂತ ನೀನೇ ಯಾಕೆ ತೀರ್ಮಾನ ಮಾಡಿದೆ? ಆಗದೆಯೂ ಇರಬಹುದು. ಆದರೆ ನಾವು ಅವರಿಗೆ ಒಂದು ಅವಕಾಶವನ್ನೇ ಕೊಡಲಿಲ್ಲ. ಅದೂ ಒಂದು ತರ ಅವಮಾನವೇ.

ಶುಕ್ರವಾರ ಅವರು ಅರಿಶಿನ ಕುಂಕುಮ ಕೊಟ್ಟಾಗ ಏನು ಮಾಡಲಿ ಅಂತಲೂ ಕೇಳಿದ್ದೆ. ನಿನ್ನ ಅಮ್ಮ ಮೂವತ್ತು ವರ್ಷದಿಂದ ನಮ್ಮ ಬೀದಿಯಲ್ಲಿ ಹೂವು, ಹಣ್ಣು ತಗೊಳ್ಳುತ್ತಾಳೆ, ಕುಂಕುಮಕ್ಕೆ ನಕ್ಕು ಕೈ ಮುಗಿಯುತ್ತಾಳೆ. ಯಾರೂ ಮುನಿಸಿಕೊಂಡಿಲ್ಲ. ಕ್ರಿಸ್ಮಸ್ಸಿಗೆ ನಮ್ಮ ಮನೆ ಕೇಕು ಮೊದಲು ಖಾಲಿ ಮಾಡೋರೂ ಅವರೇ. ಇಂಥ ಚಿಕ್ಕ ವಿಷಯದಲ್ಲಿ ನಿನ್ನನ್ನೇ ಹಿಂಸೆ ಮಾಡ್ಕೋಬೇಡ. ಸತ್ಯವೇದದಲ್ಲಿ ಸೇನಾಪತಿ ನಾಮಾನ್ ಪ್ರವಾದಿ ಎಲೀಷನ ಹತ್ತಿರ ಹೇಳಿಕೊಳ್ಳುತ್ತಾನಲ್ಲ, ರಾಜ ನನ್ನ ಕೈ ಊರಿಕೊಂಡು ರಿಮ್ಮೋನನ ಗುಡಿಯಲ್ಲಿ ಬಗ್ಗುವಾಗ ನಾನೂ ಬಗ್ಗಬೇಕಾಗುತ್ತೆ, ಅದೊಂದನ್ನು ದೇವರು ಕ್ಷಮಿಸಲಿ ಅಂತ. ಎಲೀಷ ಪ್ರಸಂಗ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ, ಅಷ್ಟೇ.

ಕೋಟು ಹೊಲಿಸೋಕೆ ಬಂದ ವಕೀಲರೊಬ್ಬರನ್ನು ಕಾನೂನಿನ ಬಗ್ಗೆಯೂ ಕೇಳಿದೆ. ತನ್ನ ಧರ್ಮ ಪಾಲಿಸುವ ಹಕ್ಕು ಕೊಡುವ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಇರುವ ಹಾಗೆ ನಿನಗೂ ಇದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆ ಬಲವಂತ, ಮೋಸ, ಆಮಿಷದ ಮತಾಂತರದ ಬಗ್ಗೆ. ಭಾನುವಾರ ಚರ್ಚಿಗೆ ಹೋಗೋಕೆ, ರೂಮಿನಲ್ಲಿ ಕೂತು ಪ್ರಾರ್ಥನೆ ಮಾಡೋಕೆ ಯಾರ ಅಪ್ಪಣೆಯೂ ಬೇಡವಂತೆ. ವಾರ್ಡಿನಲ್ಲಿ ಮಾತ್ರ ನಿನ್ನ ಕೆಲಸ ಮೊದಲು. ಹಾಸಿಗೆ ಹಿಡಿದವರಿಗೆ ಎದ್ದುಹೋಗುವ ದಾರಿ ಇರಲ್ಲ, ಅಂಥವರ ಮುಂದೆ ನಮ್ಮ ನಂಬಿಕೆ ಬಿಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಅವರಾಗೇ ಪ್ರಾರ್ಥನೆ ಮಾಡು ಅಂದರೆ ಆ ಮಾತು ಬೇರೆ.

ಮಾತು ಕೈ ಮೀರಿದರೆ, ಯಾರಾದರೂ ಗುಂಪು ಕಟ್ಟಿಕೊಂಡು ಬಂದರೆ, ಅಲ್ಲಿ ನಿಂತು ವೀರವನಿತೆ ಆಗಬೇಡ. ಬಾಗಿಲು ಹಾಕು, ಪೊಲೀಸಿಗೆ ಫೋನ್ ಮಾಡು, ನನಗೆ ಫೋನ್ ಮಾಡು, ಕೊನೇ ಬಸ್ಸು ಹಿಡಿದಾದರೂ ಬಂದುಬಿಡು. ಬೇಲೂರು ದಾಟಿದರೆ ಮನೆಗೆ ಬಂದ ಹಾಗೇ. ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದಕ್ಕೆ ಓಡಿಹೋಗಿ ಅಂತ ಯೇಸು ಸ್ವಾಮಿಯೇ ಹೇಳಿದ್ದಾನೆ. ಅಷ್ಟು ದೊಡ್ಡ ಅಪೊಸ್ತಲ ಪೌಲ, ಹಿಡಿಯೋಕೆ ಕಾದಿದ್ದವರಿಂದ ತಪ್ಪಿಸಿಕೊಳ್ಳೋಕೆ ದಮಸ್ಕದ ಗೋಡೆಯಿಂದ ರಾತ್ರಿ ಹೆಡಿಗೆಯಲ್ಲಿ ಕೂತು ಇಳಿದವನು. ಕಾಗದದಲ್ಲಿ ಅವನೇ ಬರೆದುಕೊಂಡಿದ್ದಾನೆ, ನಾಚಿಕೆ ಪಟ್ಟಿಲ್ಲ. ಓಡುವುದು ಬೇರೆ, 'ಅಲ್ಲ' ಅನ್ನುವುದು ಬೇರೆ. ಇದು ನನಗೆ ಹೊಳೆಯೋಕೆ ಇಷ್ಟು ವರ್ಷ ಬೇಕಾಯ್ತು.

ಮುಂದಿನ ತಿಂಗಳು ಮತ್ತೆ ಬರುತ್ತೇನೆ. ಗೇಟಿನಲ್ಲಿ ಈ ಸಲ ನಾನೇ ಮೊದಲು ಹೇಳುತ್ತೇನೆ. ಹೋದ ಸಲ ಸೊಪ್ಪು ಅಂದದ್ದು ನನ್ನ ಬಾಯಿ, ಅದನ್ನು ಸರಿ ಮಾಡಬೇಕಾದ್ದೂ ಅದೇ. ನಾಲಿಗೆ ಒಣಗುತ್ತದೆ, ಗೊತ್ತು. ನೀನು ಪಕ್ಕದಲ್ಲಿರು.

ಶನಿವಾರ ನಿನ್ನ ಚಿಕ್ಕಪ್ಪ ಹಾಸನಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಅರ್ಧ ಕೆಜಿ ಕಾಫಿಪುಡಿ, ಅಮ್ಮ ಮಾಡಿದ ಚಟ್ನಿಪುಡಿ, ಒಂದು ಬ್ಯಾಗು ಕಳಿಸುತ್ತಿದ್ದೇನೆ. ಬ್ಯಾಗು ನಾನೇ ಹೊಲಿದದ್ದು, ನೀಲಿ ಬಟ್ಟೆ, ಒಳಗೆ ಲೈನಿಂಗ್ ಕೊಟ್ಟಿದ್ದೇನೆ, ಹಿಡಿಕೆಗೆ ಡಬಲ್ ಹೊಲಿಗೆ. ಸತ್ಯವೇದದ ಅಳತೆಗೆ ಸರಿಯಾಗಿದೆ. ಸೊಪ್ಪು ತರೋಕೆ ಬೇರೆ ಚೀಲ ಇಟ್ಟುಕೋ. ತೊಯ್ದ ಹಾಳೆ ಇಸ್ತ್ರಿ ಮಾಡಿದರೂ ಮೊದಲಿನಂತೆ ಆಗಲ್ಲ.

ಇಂತಿ,
ನಿನ್ನ ಅಪ್ಪ